ಬೂದಿಯ ಮೇಲಿನ ಎಂಟನೆಯ ದಾರಿ

ಏಳನೆಯ ಸೂರು, ಗಾಳಿಗುಡ್ಡದ ಕೆಳಗೆ
ಬರಿನೆಲದ ವರ್ಷ, ಒಂಬತ್ತನೆಯ ತಿಂಗಳ ಮೂವತ್ತೆಂಟನೆಯ ದಿನ

ಹುಲ್ಲು ಮರೆತ ಹೆಜ್ಜೆಯನ್ನು ನೆಲ ಮರೆಯುವುದಿಲ್ಲ ಎಂಬ ಒಂದು ಸಾಲಿತ್ತು. ಅಥವಾ ನೆಲ ಮರೆಯಲಾರದು ಎಂದಿತ್ತೇನೋ; ನನಗೆ ಅರ್ಧವಷ್ಟೇ ನೆನಪಿದೆ. ಅದನ್ನು ಬರೆದವರು ಯಾರೋ, ಅದರ ಮುಂದೆ ಏನಿತ್ತೋ, ನನಗೆ ಕಲಿಸಿದ ಗುರುಗಳಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಈ ಸಾಲನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದೆ. ಈಗ ಅದು ಸುಳ್ಳೆನಿಸುತ್ತಿದೆ. ನೆಲಕ್ಕೆ ಮರೆವು ಬಹಳ. ಒಂದು ಗಾಳಿ ಬೀಸಿದರೆ ಸಾಕು, ಒಬ್ಬರು ಹತ್ತು ವರ್ಷ ನಡೆದದ್ದು ಅಳಿಸಿಹೋಗುತ್ತದೆ. ಯಾರಾದರೂ ಮತ್ತೆ ಮತ್ತೆ ಬಂದು ತುಳಿಯುತ್ತಿರಬೇಕು. ನೀವು ಬರುವುದನ್ನು ನಿಲ್ಲಿಸಿ ಇಂದಿಗೆ ಎಪ್ಪತ್ತೆರಡು ದಿನವಾಯಿತು.

ಮೇಲಿನ ತಾರೀಖನ್ನು ಓದಿ ನೀವು ಗಾಬರಿಯಾಗಬಾರದು. ಮೂವತ್ತೆಂಟನೆಯ ದಿನವೆಂಬುದು ನಿಮ್ಮ ಯಾವ ತಿಂಗಳಲ್ಲೂ ಬರುವುದಿಲ್ಲವೆಂದು ನನಗೆ ಗೊತ್ತು. ಮಳೆಗಾಲವೆಂಬುದು ಇಲ್ಲವಾದ ಮೇಲೆ ನಮ್ಮ ಹಿರಿಯರು ವರ್ಷವನ್ನು ನಲವತ್ತು ದಿನಗಳ ಒಂಬತ್ತು ತಿಂಗಳುಗಳಾಗಿ ಕತ್ತರಿಸಿದರು. ಮಿಕ್ಕ ಐದು ದಿನಗಳಿಗೆ ಹೆಸರಿಲ್ಲ; ಆ ದಿನಗಳಲ್ಲಿ ಊರಿನ ತೀರ್ಮಾನಗಳು ನಡೆಯುತ್ತವೆ. ನಿಮ್ಮ ಎಣಿಕೆಯಲ್ಲಿ ಇದು ಸುಮಾರು ಮುನ್ನೂರು ವರ್ಷಗಳ ಆಚೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರಹವನ್ನು ನಾನು ಹಳೆಯ ಕಾಗದಗಳಿಂದ ಕಲಿತದ್ದು. ಅದನ್ನು ಮಾತಾಡುವವರನ್ನು ಕೇಳಿ ಕಲಿತದ್ದಲ್ಲ.

ನನ್ನ ಹೆಸರು ಚಂದ್ರಭಾಗಿ. ವಯಸ್ಸು ನಲವತ್ತೆಂಟು. ಈ ಊರಿನ ನೆಲಗಾತಿ. ತೋಟವನ್ನು ಎಲ್ಲಿ, ಹೇಗೆ ಕಟ್ಟಬೇಕೆಂದು ಗೊತ್ತುಮಾಡುವವಳಿಗೆ ನಾವು ಇಟ್ಟ ಹೆಸರು ಅದು. ಹೆಸರು ದೊಡ್ಡದು, ಕೆಲಸ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನನ್ನ ಗುರುಗಳು ಒಂದೂ ತೋಟ ಕಟ್ಟದೆ ಸತ್ತರು. ಅವರ ಗುರುಗಳೂ ಅಷ್ಟೆ. ಅವರು ಓದಿದರು, ಬರೆದರು, ಬೂದಿಯ ಮೇಲೆ ಗೆರೆ ಎಳೆದು ತೋರಿಸಿದರು. ನಮ್ಮಲ್ಲಿ ತೆರೆದ ಮಣ್ಣೇ ಇಲ್ಲ. ಒಂಬೈನೂರು ಜನ ಒಂದೇ ಉದ್ದನೆಯ ಮಾಡಿನ ಕೆಳಗೆ, ಗೋಡೆಗೆ ಗೋಡೆ ಹಚ್ಚಿದ ಮನೆಗಳಲ್ಲಿ ಬದುಕುತ್ತೇವೆ. ಇಂಥ ಊರಿಗೆ ಸೂರು ಎನ್ನುತ್ತೇವೆ. ನಾವು ತಿನ್ನುವ ಜೋಳ, ಸೊಪ್ಪು, ಬೇಳೆ ಎಲ್ಲವೂ ತೊಟ್ಟಿಗಳಲ್ಲಿ ಬೆಳೆಯುತ್ತವೆ. ನೀರನ್ನು ಏಳು ಸಲ ತೊಳೆದು ಏಳು ಸಲ ಬಳಸುತ್ತೇವೆ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಆ ಹೊತ್ತಿಗೆ ಬಿಸಿಲುಮುಚ್ಚು ಎಂದು ಹೆಸರು. ಗಂಟೆ ಬಾರಿಸಿದ ಕೂಡಲೇ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಳ್ಳುವ ಸದ್ದು ಸೂರಿನ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಆಮೇಲೆ ಹೊರಗೆ ಬಿಳಿ ಬೆಳಕು ಬಿಟ್ಟರೆ ಏನೂ ಇರುವುದಿಲ್ಲ.

ಸೂರಿನ ಉತ್ತರಕ್ಕೆ ಮುಕ್ಕಾಲು ಎಕರೆಯಷ್ಟು ಬಯಲಿದೆ. ಹೋದ ವರ್ಷ ಅದರ ಮೇಲಿನ ಹಳೆಯ ಹಾಸುಗಲ್ಲು ಬಿರುಕು ಬಿಟ್ಟಾಗ ಕೆಳಗೆ ಕಪ್ಪು ಎರೆಮಣ್ಣು ಕಂಡಿತು. ಅದನ್ನು ಮುಟ್ಟಿ ನೋಡಲು ಊರೇ ಸಾಲು ನಿಂತಿತ್ತು. ಹೊಸ ಕಲ್ಲು ಹಾಸಿ ನೀರಿನ ತೊಟ್ಟಿ ಕಟ್ಟಬೇಕೆಂದು ನೀರಿನ ಯಜಮಾನ ಫಕೀರಪ್ಪನವರು, ತೋಟ ಮಾಡಬೇಕೆಂದು ನಾನು. ಕಡೆಗೆ ಊರು ನನಗೆ ಒಂದು ವರ್ಷ ಕೊಟ್ಟಿತು. ವರ್ಷದ ಕೊನೆಯ ಹೆಸರಿಲ್ಲದ ದಿನ ಎಲ್ಲರೂ ಬಂದು ನೋಡುತ್ತಾರೆ. ಆ ಮಣ್ಣಿನಲ್ಲಿ ತಾನಾಗಿ ಹುಟ್ಟಿದ್ದು ಏನಾದರೂ ಜೀವಂತವಾಗಿದ್ದರೆ ತೋಟ, ಇಲ್ಲದಿದ್ದರೆ ಕಲ್ಲು. ಕಲ್ಲು ಬಿದ್ದರೆ ಇನ್ನೊಂದು ನೂರು ವರ್ಷ ಯಾರೂ ಅದನ್ನು ಎತ್ತುವುದಿಲ್ಲ. ಆ ದಿನಕ್ಕೆ ಇನ್ನು ಏಳು ದಿನ ಉಳಿದಿದೆ.

ತೋಟ ಕಟ್ಟುವವರು ಮೊದಲ ವರ್ಷ ಏನನ್ನೂ ನೆಡಬಾರದು, ಏನನ್ನೂ ಕೀಳಬಾರದು ಎಂಬುದು ನಮ್ಮ ಪುಸ್ತಕದ ಪದ್ಧತಿ. ಅದೇ ಬರಿನೆಲದ ವರ್ಷ. ನೆಲದ ಮೇಲೆ ತೆಳ್ಳಗೆ ಬೂದಿ ಹರಡುತ್ತೇವೆ. ಮುಂಜಾನೆ, ಸಂಜೆ ಜನ ತಮಗೆ ಬೇಕಾದಂತೆ ಅಲ್ಲಿ ಓಡಾಡುತ್ತಾರೆ. ದಿನಕ್ಕೆರಡು ಸಲ, ಬೆಳಗ್ಗೆ ಬಾಗಿಲು ಮುಚ್ಚುವ ಮುನ್ನ ಮತ್ತು ಸಂಜೆ ಎಲ್ಲರೂ ಒಳಗೆ ಹೋದ ಮೇಲೆ, ಹೆಜ್ಜೆಗಳನ್ನು ನಾನು ಹಾಳೆಯ ಮೇಲೆ ಗುರುತು ಮಾಡಿಕೊಳ್ಳುತ್ತೇನೆ. ಆಮೇಲೆ ನನ್ನ ನೆರೆಮನೆಯ ಹುಸೇನಬಿ ಹಲಗೆ ಎಳೆದು ಬೂದಿಯನ್ನು ಸಮ ಮಾಡುತ್ತಾರೆ. ಹೀಗೆ ತಿಂಗಳುಗಟ್ಟಲೆ ನೋಡಿದರೆ, ಜನರ ಕಾಲಿಗೆ ಯಾವ ದಾರಿ ಬೇಕೋ ಅದು ತಾನಾಗಿ ತೋರುತ್ತದೆ. ಕಲ್ಲಿನ ಹಾದಿಯನ್ನು ಆಮೇಲೆ ಅಲ್ಲಿಯೇ ಹಾಕಬೇಕು. ನಿಮ್ಮ ಕಾಲದ ತೋಟಗಳ ಚಿತ್ರಗಳನ್ನು ನಾನು ನೋಡಿದ್ದೇನೆ. ಹಾದಿ ಒಂದು ಕಡೆ ಸುತ್ತಿಕೊಂಡು ಹೋಗುತ್ತದೆ, ಜನ ಇನ್ನೊಂದು ಕಡೆ ಹುಲ್ಲನ್ನು ಸೀಳಿಕೊಂಡು ನಡೆದಿರುತ್ತಾರೆ, ಅಲ್ಲೊಂದು ಫಲಕ ನಿಂತಿರುತ್ತದೆ: ಹುಲ್ಲಿನ ಮೇಲೆ ನಡೆಯಬಾರದು. ಆ ಫಲಕವನ್ನು ಅರ್ಥಮಾಡಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ನಡೆಯಬಾರದೆಂದರೆ ಅದನ್ನು ಯಾರಿಗಾಗಿ ಬೆಳೆಸಿದರು ಎಂದು ಗುರುಗಳನ್ನು ಕೇಳಿದ್ದೆ.

ಆ ಮುಕ್ಕಾಲು ಎಕರೆಯಲ್ಲಿ ನಾನು ಏನು ಮಾಡಬೇಕೆಂದಿದ್ದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಬಯಲಿನ ಗೇಟಿನ ಬಳಿ ನಿಂತವರಿಗೆ ಇಡೀ ತೋಟ ಕಾಣಬಾರದು. ಅರ್ಧ ಕಂಡರೆ ಕಾಲು ತಾನಾಗಿ ಮುಂದೆ ಹೋಗುತ್ತದೆ. ಉತ್ತರಕ್ಕೆ ಗಾಳಿಗುಡ್ಡವಿದೆ. ಅದರ ನೆತ್ತಿಯ ಮೇಲೆ ನಿಮ್ಮವರು ನಿಲ್ಲಿಸಿದ ಮೂವತ್ತೊಂದು ಗಾಳಿಗಂಬಗಳು ರೆಕ್ಕೆಗಳಿಲ್ಲದೆ ಇನ್ನೂ ನಿಂತಿವೆ. ಆ ಕಡೆ ಗಿಡ ನೆಡದೆ ತೆರೆದಿಟ್ಟರೆ ಗುಡ್ಡವೂ ತೋಟದೊಳಗೆ ಬಂದಂತಾಗುತ್ತದೆ. ಸಣ್ಣ ಜಾಗದವರು ದೂರದ್ದನ್ನು ಹೀಗೆ ಕಡ ತರಬೇಕು. ಹೆಚ್ಚು ನೀರು ಕೇಳುವ ಗಿಡಗಳೆಲ್ಲ ಇಳಿಜಾರಿನ ಕೆಳಗೆ ಒಟ್ಟಿಗೆ, ಕಡಿಮೆ ಕೇಳುವವು ಮೇಲೆ. ಸಸಿಯನ್ನು ಕಂಡು ಜಾಗ ಅಳೆಯಬಾರದು, ಐವತ್ತನೆಯ ವರ್ಷದ ನೆರಳು ಎಲ್ಲಿ ಬೀಳುತ್ತದೆಂದು ಅಳೆಯಬೇಕು. ಬಗೆ ಕಡಿಮೆಯಿರಲಿ, ಅದೇ ಗಿಡ ಮತ್ತೆ ಮತ್ತೆ ಬರಲಿ. ಮೂರರಲ್ಲಿ ಒಂದು ಪಾಲು ನೆಲ ಖಾಲಿಯೇ ಇರಲಿ. ಮತ್ತೆ, ಹಾದಿ ಬಾಗಿದರೆ ಅದಕ್ಕೊಂದು ಕಾರಣ ಕಾಣಬೇಕು: ಒಂದು ಮರ, ಒಂದು ಬಂಡೆ, ಒಂದು ತಗ್ಗು. ಕಾರಣವಿಲ್ಲದೆ ಬಾಗಿದ ಹಾದಿ ಸುಳ್ಳು ಹೇಳುವವರಂತೆ. ಜನ ಬೇಗ ಗುರುತಿಸಿ ಅದನ್ನು ಬಿಟ್ಟು ನಡೆಯುತ್ತಾರೆ.

ಈ ಕೊನೆಯ ಮಾತೇ ನನ್ನನ್ನು ನಿಮ್ಮ ಹತ್ತಿರ ತಂದದ್ದು.

ಮೊದಲ ತಿಂಗಳಲ್ಲಿ ಬೂದಿಯ ಮೇಲೆ ಏಳು ದಾರಿ ಕಂಡವು. ಎರಡನೆಯ ತಿಂಗಳ ಒಂದು ಸಂಜೆ, ಬಿಸಿಲುಮುಚ್ಚು ತೆರೆದ ಕೂಡಲೇ ನಾನು ಹೊರಗೆ ಬಂದಾಗ ಎಂಟನೆಯದು ಇತ್ತು. ಬೆಳಗ್ಗೆ ಸಮ ಮಾಡಿ ಬಿಟ್ಟ ಬೂದಿ ಅದು. ಯಾರೂ ಹೊರಗೆ ಬಂದಿರಲಿಲ್ಲ. ಬಂದವರು ಬದುಕುವುದೂ ಇಲ್ಲ. ಹೆಜ್ಜೆಗಳು ಗೇಟಿನಿಂದ ಹೊರಟು, ನೆಟ್ಟಗೆ ಹದಿನೈದು ಅಡಿ ನಡೆದು, ಆಮೇಲೆ ಬಲಕ್ಕೆ ಅರ್ಧಚಂದ್ರದಂತೆ ಬಾಗಿ, ಮತ್ತೆ ನೆಟ್ಟಗಾಗಿ, ಈಶಾನ್ಯ ಮೂಲೆಯ ಒಂದು ಜಾಗಕ್ಕೆ ಹೋಗಿ ನಿಂತಿದ್ದವು. ಅಲ್ಲಿ ಒಂದು ಸುತ್ತು ಹಾಕಿ ಅದೇ ದಾರಿಯಲ್ಲಿ ವಾಪಸ್ಸು. ಬಾಗಿದ ಕಡೆ ಸುತ್ತಿ ಹೋಗುವಂಥದ್ದು ಏನೂ ಇರಲಿಲ್ಲ. ನಾನು ಮಂಡಿಯೂರಿ ಕೈಯಿಂದ ತಡವಿ ನೋಡಿದೆ. ಬರಿಯ ನೆಲ.

ಆ ಹೆಜ್ಜೆಗಳು ನಮ್ಮವರ ಪಾದರಕ್ಷೆಯದಲ್ಲ. ನಾವು ನಾರಿನ ಅಟ್ಟೆ ತೊಡುತ್ತೇವೆ. ಇವುಗಳಲ್ಲಿ ಸಣ್ಣ ಸಣ್ಣ ಚೌಕಗಳ ಅಚ್ಚಿತ್ತು. ಎಡಗಾಲಿನ ಹಿಮ್ಮಡಿಯಲ್ಲಿ ಅಚ್ಚು ಸವೆದು ನುಣುಪಾಗಿತ್ತು. ಬಲಗಾಲಿನ ಹೆಬ್ಬೆರಳಿನ ಹಿಂದೆ, ಅಡ್ಡಲಾಗಿ, ಒಂದು ತೆಳ್ಳನೆಯ ಗೀರು. ಅದೇನೆಂದು ನನಗೆ ಹೊಳೆಯಲಿಲ್ಲ. ಹುಸೇನಬಿ ಸೊಂಟಕ್ಕೆ ಕೈಕೊಟ್ಟು ಬಗ್ಗಿ ನೋಡಿ, “ಬಾರು ಕಿತ್ತೈತಿ. ಪಿನ್ನು ಚುಚ್ಚಿ ನಡಸ್ಯಾರ. ನಮ್ಮಂಥ ಬಡವರು ಯಾರೋ, ತಂಗಿ,” ಎಂದರು. ಅವರ ಬಳಿ ಹಿಂದಿನವರ ಒಂದು ರಬ್ಬರ್ ಚಪ್ಪಲಿ ಇತ್ತಂತೆ. ಅಜ್ಜಿಯ ಕಾಲದಿಂದ ಗೋಡೆಗೆ ತೂಗುಹಾಕಿದ್ದರಂತೆ.

ಅಂದಿನಿಂದ ನೀವು ದಿನವೂ ಬಂದಿರಿ. ಈಗ ನೀವು ಎನ್ನುತ್ತಿದ್ದೇನೆ. ಆಗ ಅದು ಎಂಟನೆಯ ದಾರಿ ಅಷ್ಟೇ. ಒಂದು ಮಧ್ಯಾಹ್ನ ನಾನು ಬಯಲಿಗೇ ತೆರೆಯುವ ನನ್ನ ಮನೆಯ ಬಾಗಿಲಿನ ಸಂದಿಗೆ ಕಣ್ಣು ಹಚ್ಚಿ ಕುಳಿತೆ. ಬೂದಿ ನುಣ್ಣಗಿತ್ತು. ಬೆಳಕಿಗೆ ಕಣ್ಣಲ್ಲಿ ನೀರು ಬಂದು ಒರೆಸಿಕೊಂಡೆ. ನೋಡಿದರೆ ಗೇಟಿನ ಬಳಿ ಮೂರು ಹೆಜ್ಜೆ. ಮತ್ತೆ ಬೆವರು ಇಳಿದು ಕಣ್ಣು ಮುಚ್ಚಿದೆ. ಐದು. ಒಂದನ್ನೂ ಮೂಡುವಾಗ ನೋಡಲಾಗಲಿಲ್ಲ. ನೋಡುತ್ತಲೇ ಇದ್ದರೆ ಬೂದಿ ಸುಮ್ಮನಿರುತ್ತಿತ್ತು. ರೆಪ್ಪೆ ಮುಚ್ಚಿ ತೆರೆದರೆ ಯಾರೋ ಒಂದಡಿ ಮುಂದೆ ಹೋಗಿರುತ್ತಿದ್ದರು. ದಾರಿ ಮುಗಿಯುವ ಕಡೆ ನೆಲ ಕಪ್ಪಾಯಿತು. ನೀರು ಬಿದ್ದಿತ್ತು. ಆ ವಾಸನೆ ಸಂದಿಯಿಂದ ಒಳಗೆ ಬಂತು. ಅದಕ್ಕೆ ನಿಮ್ಮಲ್ಲಿ ಏನೋ ಹೆಸರಿದ್ದೀತು. ನನಗೆ ಹೆಸರು ಗೊತ್ತಿರಲಿಲ್ಲ, ಅಳು ಬಂತು.

ನಾಲ್ಕನೆಯ ತಿಂಗಳಲ್ಲಿ ದಾರಿ ಬಾಗುವುದನ್ನು ಬಿಟ್ಟು ನೆಟ್ಟಗಾಯಿತು. ನೀವು ಸುತ್ತಿ ಹೋಗುತ್ತಿದ್ದ ವಸ್ತುವನ್ನು ಯಾರೋ ತೆಗೆದಿದ್ದರೆಂದು ಈಗ ತಿಳಿಯುತ್ತದೆ. ಜಲ್ಲಿಯ ರಾಶಿಯೋ, ಕಂಬವೋ, ಮಲಗಿದ ದನವೋ. ಐದನೆಯ ತಿಂಗಳಲ್ಲಿ ಆ ಒದ್ದೆ ಜಾಗದಲ್ಲಿ ಬೂದಿಯನ್ನು ಸೀಳಿಕೊಂಡು ಎರಡು ಎಲೆ ಬಂದವು. ಹುಣಸೆ. ಹಳೆಯ ಪುಸ್ತಕದ ಚಿತ್ರದೊಡನೆ ನೂರು ಸಲ ಹೋಲಿಸಿದೆ. ನಮ್ಮಲ್ಲಿ ಬದುಕಿರುವ ಯಾರೂ ಮಣ್ಣಿನಿಂದ ತಾನಾಗಿ ಎದ್ದ ಗಿಡವನ್ನು ಕಂಡಿರಲಿಲ್ಲ. ಊರವರು ಬಂದು ಅದರ ಸುತ್ತ ಕುಳಿತರು. ಕೆಲವರು ತಮ್ಮ ಕಾಲು ಹಿಂದೆಳೆದುಕೊಂಡರು.

ಇನ್ನು ನನ್ನ ತಪ್ಪನ್ನು ಹೇಳಬೇಕು. ಏಳನೆಯ ತಿಂಗಳ ಕೊನೆಗೆ ಒಪ್ಪಿಗೆಯ ದಿನವೆಂದು ಇರುತ್ತದೆ. ಅಂದು ಬೂದಿಯ ಮೇಲಿನ ಪ್ರತಿ ದಾರಿಯ ತುದಿಯಲ್ಲಿ ಅದನ್ನು ನಡೆದವರು ನಿಂತು, ಇದು ನನ್ನದು, ಇಂಥ ಕಾರಣಕ್ಕೆ ನಡೆಯುತ್ತೇನೆ ಎಂದು ಹೇಳಬೇಕು. ಹೆಸರಿಲ್ಲದ ದಾರಿಗೆ ಮುಳ್ಳು ಹಚ್ಚಿ ಮುಚ್ಚಬೇಕು. ಕಾರಣ ಗೊತ್ತಿಲ್ಲದ ದಾರಿಗೆ ಜಾಗ ಕೊಟ್ಟರೆ ತೋಟ ಹಾಳು ಎಂದು ನಮ್ಮ ಪುಸ್ತಕ ಹೇಳುತ್ತದೆ.

ಅಂದು ಜನ ಖುಷಿಯಾಗಿದ್ದರು. ಸೂರಿನ ಹಿಂದಿನ ಗೋಡೆಯವರೆಗೆ ಹೋಗಿ ಅಲ್ಲೇ ನಿಲ್ಲುವ ಐದನೆಯ ದಾರಿಗೆ ಅಡುಗೆಮನೆಯ ವಿರುಪಣ್ಣ ಮುಂದೆ ಬಂದು ನಿಂತರು. “ಗ್ವಾಡಿಗೆ ಏನ್ ಗುಟ್ಟು ಹೇಳಾಕ ಹೋಗ್ತೀಯೋ ವಿರುಪ್ಯಾ?” ಎಂದು ಯಾರೋ ಕೂಗಿದರು. “ಮನ್ಯಾಗ ಹೆಂಡ್ತಿ ಮಾತು, ಅಡಗಿಮನ್ಯಾಗ ನಿಮ್ಮೆಲ್ಲಾರ ಮಾತು. ಗ್ವಾಡಿ ಒಂದ ನೋಡ್ರಿ ಸುಮ್ನಿರೂದು,” ಎಂದರು ಅವರು. ಅವರ ಹೆಂಡತಿಯೇ ಮೊದಲು ನಕ್ಕಳು. ಕೂರುವ ಜಾಗಕ್ಕೆ ಬೆನ್ನಿಗೊಂದು ಆಸರೆಯೂ ಕಣ್ಣಿಗೊಂದು ಬಯಲೂ ಬೇಕು ಎಂದು ನಾನು ಹಾಳೆಯಲ್ಲಿ ಬರೆದುಕೊಂಡೆ. ಆ ಗೋಡೆಗೆ ಒಂದು ಕಟ್ಟೆ ಗುರುತು ಮಾಡಿದೆ.

ಎಂಟನೆಯ ದಾರಿಗೆ ಯಾರೂ ಬರಲಿಲ್ಲ. ಫಕೀರಪ್ಪನವರು ಒದ್ದೆ ಮಣ್ಣನ್ನು ಬೆರಳಿನಲ್ಲಿ ಮುಟ್ಟಿ ಎದ್ದು ನಿಂತರು. “ದಿನಾ ಒಂದು ತಂಬಿಗಿ ನೀರು ಮಣ್ಣಿಗೆ ಸುರುವೋ ಶ್ರೀಮಂತರು ಯಾರು, ಹೆಸರು ಹೇಳ್ರಿ. ನಾನೂ ಒಂದ್ಸಲ ಕಣ್ತುಂಬ ನೋಡ್ತೀನಿ.” ನಗು ನಿಂತಿತು. ನಮ್ಮಲ್ಲಿ ನೀರು ಕದಿಯುವುದಕ್ಕಿಂತ ದೊಡ್ಡ ತಪ್ಪಿಲ್ಲ. ಒಬ್ಬರು ಇನ್ನೊಬ್ಬರ ಕಾಲನ್ನು ನೋಡತೊಡಗಿದರು. ಫಕೀರಪ್ಪನವರು ನನ್ನ ಕಡೆ ತಿರುಗಿ, “ನೆಲಗಾತಿ, ನಿಮ್ಮ ಪುಸ್ತಕದಾಗ ಏನೈತವಾ?” ಎಂದು ಕೇಳಿದರು.

ನಾನು ಮಧ್ಯಾಹ್ನ ಕಂಡದ್ದನ್ನು ಹೇಳಬಹುದಿತ್ತು. ಹೇಳಲಿಲ್ಲ. ಓದಿದವಳು, ಅಳತೆಯ ಮಾತಾಡುವವಳು ಎಂಬ ಹೆಸರು ನನಗಿತ್ತು. ರೆಪ್ಪೆ ಬಡಿದಾಗ ಮೂಡುವ ಹೆಜ್ಜೆಯ ಮಾತಾಡಿದರೆ ತೋಟವನ್ನೇ ಕೊಡದೆ ಹೋದಾರು ಎಂದು ಹೆದರಿದೆ. ಹೆಸರಿಲ್ಲದ ದಾರಿಯನ್ನು ಮುಚ್ಚಬೇಕು ಎಂದೆ. ಹುಸೇನಬಿ ನನಗಷ್ಟೇ ಕೇಳುವಂತೆ, “ಪುಸ್ತಕ ಬರದವ್ರು ಈ ಹೆಜ್ಜಿ ನೋಡಿದ್ರೇನ ತಂಗಿ?” ಎಂದರು. ನಾನು ಕೇಳಿಸದವಳಂತೆ ನಿಂತೆ. ಅದೇ ಸಂಜೆ, ತೊಟ್ಟಿಯಲ್ಲಿ ಬೆಳೆಸಿದ ಜಾಲಿಯ ಮುಳ್ಳಿನ ಬೇಲಿ ಗಿಡದಿಂದ ಹತ್ತಡಿ ಈಚೆಗೆ, ಮೂಲೆಯ ಎರಡೂ ಬದಿ ಮುಟ್ಟುವಂತೆ, ದಾರಿಯನ್ನು ಕತ್ತರಿಸಿತು.

ಮರುದಿನ ನೀವು ಬಂದಿರಿ. ಹೆಜ್ಜೆಗಳು ಬೇಲಿಯವರೆಗೆ ಬಂದು ನಿಂತಿದ್ದವು. ದಾಟಿರಲಿಲ್ಲ. ಬಹಳ ಹೊತ್ತು ನಿಂತವರ ಹೆಜ್ಜೆ ಹೇಗಿರುತ್ತದೆಂದು ನನಗೆ ಗೊತ್ತು. ಒಂದರ ಮೇಲೊಂದು ಬಿದ್ದು ಅಚ್ಚು ಕಲಸಿಹೋಗಿರುತ್ತದೆ. ಅದರ ಮರುದಿನವೂ ಹಾಗೇ. ಮೂರನೆಯ ದಿನ ಬೇಲಿಯುದ್ದಕ್ಕೂ ಅತ್ತಿಂದಿತ್ತ ನಡೆದು ಸಂದಿ ಹುಡುಕಿದ್ದಿರಿ. ಐದನೆಯ ದಿನ ಬೇಲಿಯ ಬುಡದಲ್ಲೇ ನೀರು ಸುರಿದಿದ್ದಿರಿ. ಅದು ಗಿಡದವರೆಗೆ ಹರಿಯಲೆಂದು ಬೆರಳಿನಿಂದ ಗೀಚಿದ ಕಾಲುವೆಯ ಗುರುತಿತ್ತು. ಒಂದು ಗೇಣು ಹರಿದು ಇಂಗಿತ್ತು. ಆರನೆಯ ದಿನ ಬರೀ ನಿಂತಿರಿ. ಏಳನೆಯ ದಿನ ಬೂದಿ ನುಣ್ಣಗಿತ್ತು.

ಹದಿನೈದು ದಿನದಲ್ಲಿ ಗಿಡದ ಕೆಳಗಿನ ಎಲೆಗಳು ಉದುರಿದವು. ನಾನೇ ಬೇಲಿ ಕಿತ್ತೆ. ಅಂಗೈ ತುಂಬ ಮುಳ್ಳು. ಊರು ಬೈಯಲಿಲ್ಲ, ಎಲ್ಲರೂ ಗಿಡವನ್ನೇ ನೋಡುತ್ತಿದ್ದರು. ಹುಸೇನಬಿಯೂ ನಾನೂ ನಮ್ಮ ಕುಡಿಯುವ ಪಾಲಿನಲ್ಲಿ ಉಳಿಸಿ ಎರೆದೆವು. ಫಕೀರಪ್ಪನವರು ಒಂದು ಬೆಳಗ್ಗೆ ಯಾರಿಗೂ ಹೇಳದೆ ತಮ್ಮ ತಂಬಿಗೆ ತಂದು ಸುರಿದು, ನಾನು ನೋಡಿದ್ದು ಕಂಡು, “ಏನ್ ನೋಡ್ತೀ, ನನಗ ಬಾಯಾರಿಕಿ ಕಡಿಮಿ,” ಎಂದು ಗದರಿ ಹೋದರು. ನಮ್ಮ ನೀರು ಅದಕ್ಕೆ ಹಿಡಿಸಲಿಲ್ಲ. ಏಳು ಸಲ ತೊಳೆದ ನೀರಿನಲ್ಲಿ ಏನೋ ಇರುತ್ತದೆ, ಅಥವಾ ಏನೋ ಇರುವುದಿಲ್ಲ. ಎರೆದಷ್ಟೂ ಎಲೆ ಹಳದಿಯಾಯಿತು. ಈಗ ತುದಿಯಲ್ಲಿ ಐದು ಎಲೆ ಉಳಿದಿವೆ.

ಹಳೆಯ ಕಾಗದಗಳ ಕೋಣೆಯಲ್ಲಿ ಒಂದು ಬಡಾವಣೆಯ ನಕ್ಷೆ ಸಿಕ್ಕಿದ್ದು ಹೋದ ವಾರ. ನಿಮ್ಮ ಕಾಲದ್ದು. ಮುಟ್ಟಿದರೆ ಪುಡಿಯಾಗುವ ಪ್ಲಾಸ್ಟಿಕ್ ಹಾಳೆ. ನಿವೇಶನಗಳ ಚೌಕಗಳ ನಡುವೆ ಒಂದು ಖಾಲಿ ಜಾಗ, ಅದರ ಮೇಲೆ ಅಕ್ಷರ: ಉದ್ಯಾನವನಕ್ಕೆ ಕಾಯ್ದಿರಿಸಿದೆ. ನಕ್ಷೆಯಲ್ಲಿ ಗುರುತಿಸಿದ ಗಾಳಿಗಂಬಗಳನ್ನು ಗುಡ್ಡದ ಮೇಲಿನವುಗಳೊಡನೆ ಎಣಿಸಿ ಹೊಂದಿಸಿ ನೋಡಿದೆ. ಅದು ಇದೇ ಮುಕ್ಕಾಲು ಎಕರೆ. ನಕ್ಷೆಯಲ್ಲಿ ಗೇಟು ಇರುವ ಕಡೆಯೇ ನಮ್ಮ ಗೇಟೂ ಇದೆ. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಈಶಾನ್ಯ ಮೂಲೆಯಲ್ಲಿ ಯಾರೋ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟಿದ್ದಾರೆ.

ಹಾಗಾಗಿ ಈ ಪತ್ರ ನಿಮಗೆ. ಗಂಡಸೋ ಹೆಂಗಸೋ ನನಗೆ ತಿಳಿಯದು. ಎಡ ಹಿಮ್ಮಡಿಯನ್ನು ಒತ್ತಿ ನಡೆಯುತ್ತೀರಿ, ಬಲ ಚಪ್ಪಲಿಯ ಬಾರಿಗೆ ಪಿನ್ನು ಚುಚ್ಚಿದ್ದೀರಿ, ಇಷ್ಟೇ ಗೊತ್ತು. ಉದ್ಯಾನವೆಂದು ಬರೆದು ಯಾರೂ ಉದ್ಯಾನ ಮಾಡದೆ ಬಿಟ್ಟ ಜಾಗಕ್ಕೆ ನೀವು ದಿನವೂ ಹೋಗಿ ಒಂದು ಸಸಿಗೆ ನೀರು ಹಾಕುತ್ತಿದ್ದಿರಿ. ನಡುಮಧ್ಯಾಹ್ನವೇ ಇರಬಹುದು, ನಿಮ್ಮ ಸೂರ್ಯ ನಮ್ಮದರ ಹಾಗೆ ಕೊಲ್ಲುವುದಿಲ್ಲ. ಒಂದು ದಿನ ಅಲ್ಲಿ ತಡೆ ಎದ್ದಿತು. ಕಂಪೌಂಡು ಬಂತೋ, ಗೇಟಿಗೆ ಬೀಗ ಬಿತ್ತೋ, ತೆರೆಯುವ ಹೊತ್ತು ಬರೆದ ಫಲಕ ಬಂತೋ. ಅದನ್ನು ಹಾಕಿದವರು ನಿಮ್ಮ ಕಾಲದವರೆಂದು ನೀವು ಬೈದಿರಬಹುದು. ಹಾಕಿದವಳು ನಾನು ಎಂಬ ಅನುಮಾನ ನನಗಿದೆ. ನಿಮ್ಮ ನೀರು ಇಲ್ಲಿಗೆ ಬರಬಹುದಾದರೆ ನನ್ನ ಮುಳ್ಳು ಅಲ್ಲಿಗೆ ಬರಬಾರದೇಕೆ? ಹೇಗೆಂದು ಕೇಳಬೇಡಿ. ಬೂದಿಯ ಮೇಲೆ ಗೆರೆ ಎಳೆಯುವುದಷ್ಟೇ ನಾನು ಕಲಿತ ವಿದ್ಯೆ.

ನಕ್ಷೆ ಸಿಕ್ಕ ದಿನದಿಂದ ಈ ಪತ್ರವನ್ನು ಕಾಗದದ ಮೇಲೆ ಬರೆಯುತ್ತ, ಬರೆದಷ್ಟನ್ನು ಬೂದಿಯ ಮೇಲೆ ಬೆರಳಿನಿಂದ ಬರೆಯುತ್ತಿದ್ದೇನೆ: ಗೇಟಿನಿಂದ ಶುರುಮಾಡಿ, ನೀವು ನಡೆದ ದಾರಿಯುದ್ದಕ್ಕೂ, ದಿನಕ್ಕೆ ಕೆಲವು ಸಾಲು. ಹುಸೇನಬಿ ಆ ಭಾಗಕ್ಕೆ ಹಲಗೆ ಎಳೆಯುತ್ತಿಲ್ಲ. ನಿಮ್ಮ ಕಡೆ ಅದು ಇರುವೆಯ ಸಾಲಿನಂತೆಯೋ ಕೋಳಿ ಕೆದರಿದಂತೆಯೋ ಕಂಡೀತು. ಬೀಗದ ಆಚೆ, ಕೈಗೆ ಸಿಗದ ಮಣ್ಣಿನಲ್ಲಿ ಅಂಥದ್ದೇನಾದರೂ ಕಂಡರೆ ದಯವಿಟ್ಟು ನಿಂತು ನೋಡಿ.

ನನ್ನ ಬೇಡಿಕೆ ಸಣ್ಣದು. ಮತ್ತೆ ಬನ್ನಿ. ಬೀಗವಿದ್ದರೆ ಬೀಗದ ಕೈ ಯಾರ ಹತ್ತಿರವಿದೆಯೆಂದು ಕೇಳಿ. ಕೊಡದಿದ್ದರೆ ಮರುದಿನವೂ ಕೇಳಿ. ಗೋಡೆಯಿದ್ದರೆ ಗೋಡೆಯಾಚೆಗೆ ನೀರು ಎರಚಿ. ಒಂದು ದಿನ ಎರಚಿ ಬಿಟ್ಟರೆ ಆಗುವುದಿಲ್ಲ. ತೋಟಗಳ ಬಗ್ಗೆ ನನ್ನ ಪುಸ್ತಕಗಳು ಹೇಳಿದ್ದರಲ್ಲಿ ಬಹಳಷ್ಟು ನಿಜ. ಆದರೆ ಎಲ್ಲವೂ ಕಟ್ಟುವವರಿಗೆ ಹೇಳಿದ್ದು. ಯಾರೂ ಕೇಳದಿದ್ದರೂ ದಿನವೂ ತಂಬಿಗೆ ಹಿಡಿದು ಬರುವವರ ಬಗ್ಗೆ ಅವುಗಳಲ್ಲಿ ಒಂದು ಮಾತೂ ಇಲ್ಲ. ಇದ್ದಿದ್ದರೆ ಒಪ್ಪಿಗೆಯ ದಿನ ನಿಮ್ಮ ದಾರಿಯ ತುದಿಯಲ್ಲಿ ನಾನೇ ನಿಂತು, ಇದು ನನ್ನದು ಎನ್ನುತ್ತಿದ್ದೆ. ಸುಳ್ಳಾದರೂ ಹೇಳಬೇಕಿತ್ತು. ಏಳು ದಿನದಲ್ಲಿ ನಾನು ಸೋತರೆ ಈ ಮಣ್ಣಿನ ಮೇಲೆ ಕಲ್ಲು ಬೀಳುತ್ತದೆ. ಆಮೇಲೆ ನೀವು ಬಂದರೂ ನಮಗೆ ಗೊತ್ತಾಗುವುದಿಲ್ಲ. ಕಲ್ಲಿನ ಮೇಲೆ ಹೆಜ್ಜೆ ಮೂಡುವುದಿಲ್ಲ.

ಇಲ್ಲಿಗೆ ಮುಗಿಸಿ, ನಿಮಗೆ ಒಳ್ಳೆಯದಾಗಲಿ ಎಂದು ಬರೆದು ಹೆಸರು ಹಾಕಬೇಕೆಂದಿದ್ದೆ. ಅಷ್ಟರಲ್ಲಿ ಬಿಸಿಲುಮುಚ್ಚು ತೆರೆಯುವ ಗಂಟೆಯಾಯಿತು. ಗಂಟೆಯ ಸದ್ದು ಅಡಗಿ ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಹುಸೇನಬಿ. ಕೈಯಲ್ಲಿ ಹಲಗೆ ಹಿಡಿದುಕೊಂಡೇ ಬಂದಿದ್ದರು. ಹೊಸ್ತಿಲಿನ ಆಚೆಯೇ ನಿಂತರು, ಎಂದಿನಂತೆ ಒಳಗೆ ಬರಲಿಲ್ಲ. ನನ್ನ ಹೆಗಲ ಮೇಲಿಂದ ಮನೆಯೊಳಗೆ ಇಣುಕಿ ನೋಡುತ್ತಿದ್ದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ.

“ಚಂದ್ರವ್ವಾ, ಗಿಡದ ಬುಡ ಹಸಿ ಆಗೇತಿ, ನಮ್ಮ ನೀರಲ್ಲ ಅದು. ಆದ್ರ ಈ ಸಲ ಹೆಜ್ಜಿ ಗೇಟಿನ ಕಡಿ ತಿರುಗಿ ಹೋಗಿಲ್ಲ ನೋಡು. ನಿನ್ನ ಹೊಸ್ತಿಲ ತನಕ ಬಂದಾವ. ಒಳಗ ಯಾರರ ಬಂದಾರೇನವಾ?”